ಭರಮವ್ವ ಅಳುವ ಇಂಗ್ಲಿಷು

ಅಕ್ಕಿಆಲೂರಿನಲ್ಲಿ ಯಾರೇ ಸಾಯಲಿ, ಮೊದಲು ಕರೆ ಹೋಗುತ್ತಿದ್ದುದು ಭರಮವ್ವನಿಗೆ. ಹಾಡ್ಯಾಡಿ ಅಳುವುದರಲ್ಲಿ ಅವಳನ್ನು ಮೀರಿಸುವವರು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಸತ್ತವರ ನಡೆ, ನಗು, ಉಟ್ಟ ಬಟ್ಟೆ, ಕಡೆಗೆ ನಿಂತ ಜಾಗ, ಒಂದನ್ನೂ ಬಿಡದೆ ಸೊಲ್ಲು ಸೊಲ್ಲಾಗಿ ಎತ್ತಿ ಅವಳು ಅಳತೊಡಗಿದರೆ, ಸತ್ತವನ ಮೇಲೆ ಕೋರ್ಟಿಗೆ ಹೋಗಿದ್ದ ದಾಯಾದಿಗಳೂ ಟವೆಲ್ಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಹೀಗೆ ಅತ್ತು ಕಳಿಸದಿದ್ದರೆ ಹೋದವರು ಹೋಗುವುದಿಲ್ಲ, ಬಾಗಿಲಲ್ಲೇ ನಿಂತುಬಿಡುತ್ತಾರೆ ಎಂಬುದು ಅವಳ ನಂಬಿಕೆ.

ಇಂಥ ಭರಮವ್ವ ಮಹಾಲಿಂಗಪ್ಪನ ಅಜ್ಜನ ತಂಗಿ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅಲ್ಲಿಯೇ ಹಣ್ಣಾಗಿದ್ದಳು. ಅವನು ಅವಳನ್ನು ಆಯಿ ಎನ್ನುತ್ತಿದ್ದ.

ಮಹಾಲಿಂಗಪ್ಪನದು ಬೇರೆಯೇ ಗೋಳು. ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಹಿಡಿದು, ಬಿ.ಎ. ಕಡೆಯ ವರ್ಷದಲ್ಲಿ ಒಮ್ಮೆ ಡುಮ್ಕಿ ಹೊಡೆದು ಮನೆಗೆ ಬಂದು ಕೂತಿದ್ದ. ಐವತ್ತೆಂಟನೆಯ ಇಸವಿಯ ಮಾತು. ಅವನ ಅಪ್ಪ ಪರಮೇಶ್ವರಪ್ಪನಿಗೆ ಊರ ಹೊರಗೆ ಅಕ್ಕಿಯ ಗಿರಣಿ ಇತ್ತು. ಹೊಟ್ಟಿನ ಧೂಳಿನಲ್ಲಿ ಕೂತು ಕೂತು ಅವನ ಮಾತೂ ಒಣಗಿತ್ತು.

"ಇದೊಂದ ಸಲಾ ನೋಡ್ತೇನಿ," ಎಂದಿದ್ದ. "ಪಾಸಾದಿ, ಎಲ್ಲಿ ಬೇಕಾದಲ್ಲಿ ಮಾಸ್ತರಿಕಿ ಮಾಡು. ಇಲ್ಲಾ, ಸುಮ್ನ ಬಂದು ಗಿರಣ್ಯಾಗ ಕುಂಡ್ರು. ಸಾಕಾತು ನಿನ್ನ ಇಂಗ್ಲೀಷು."

ಗಿರಣಿ ಎಂದರೆ ಮಹಾಲಿಂಗಪ್ಪನಿಗೆ ಮೈ ಉರಿಯುತ್ತಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಸರೋಜವ್ವ ದುಂಡಸಿಯ ಹುಡುಗಿ, ಬಾಯಿ ತೆರೆದರೆ ನಗೆಯೇ. ಪಾಸಾದರೆ ಧಾರವಾಡದಲ್ಲಿ ಎರಡು ಕೋಣೆಯ ಮನೆ ಹಿಡಿದು ಅವಳನ್ನು ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದ. ಅವಳು ಆಗಲೇ ಆ ಮನೆಯ ಕಿಟಕಿಗೆ ಪರದೆ ಯಾವ ಬಣ್ಣದ್ದು ಎಂದು ಗೊತ್ತುಮಾಡಿಕೊಂಡಿದ್ದಳು.

ಪ್ರೊಫೆಸರು ಗಟ್ಟಿಯಾಗಿ ಓದಿರಿ, ನಾಟಕ ಕಿವಿಗೆ ಬೀಳಬೇಕು ಎಂದಿದ್ದರು. ಅದಕ್ಕೇ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಗಟ್ಟಿಯಾಗಿ ಓದುತ್ತಿದ್ದ. ಅರ್ಥವಾಗುತ್ತಿತ್ತೋ ಎಂದರೆ, ಸುಳ್ಳು ಯಾಕೆ ಹೇಳಬೇಕು, ಅರ್ಧಕ್ಕರ್ಧ ಇಲ್ಲ. ಆ ಕಡೆ ಕಂಬದ ಹತ್ತಿರ ಭರಮವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು.

ಒಂದು ದಿನ ಯಾವುದೋ ಸರದಾರನ ನಾಟಕದ ನಡುವೆ ಮುದುಕಿಯ ಕೈ ನಿಂತಿತು. ಸೆರಗು ಬಾಯಿಗೆ ಹೋಯಿತು.

"ಕುದರೀ ಮ್ಯಾಲಿಂದ ಬಿದ್ದೆಲ್ಲೋ ನನ್ನ ತಮ್ಮಾ... ಅಣ್ಣನ ಮಾರಿ ನೋಡಲಾರದ ಹ್ವಾದೆಲ್ಲೋ..."

ಮಹಾಲಿಂಗಪ್ಪನಿಗೆ ನಗು ಬಂತು. ಆಮೇಲೆ ಡಿಕ್ಷನರಿ ತೆಗೆದು ಆ ಪುಟ ಬಿಡಿಸಿದ. ಸರದಾರನ ತಮ್ಮ ಕುದುರೆಯಿಂದ ಬಿದ್ದು ಸತ್ತಿದ್ದ, ಅಣ್ಣ ಬರುವ ಮೊದಲೇ. ಅವನ ನಗು ಅಲ್ಲಿಗೆ ಮುಗಿಯಿತು.

"ಆಯಿ, ನಿನಗ ಹ್ಯಾಂಗ ತಿಳೀತು?"

"ನನಗ ಏನ ತಿಳೀತೈತೋ ಯಪ್ಪಾ. ಸಾವು ಬಂದ್ರ ದನಿ ಬ್ಯಾರೇ ಆಗ್ತೈತಿ. ಕಿವಿಗಿ ಬಿತ್ತು, ಬಾಯಿಗಿ ಬಂತು."

ಮೊದಮೊದಲು ಅಂಜಿದ. ಆದರೆ ಪರೀಕ್ಷೆ ಪಾಸಾಗುವ ಗರಜು ಅಂಜಿಕೆಗಿಂತ ದೊಡ್ಡದು. ಬೇಸಿಗೆಯಿಡೀ ಸಿಲಬಸ್ಸನ್ನು ಮುದುಕಿಯ ಮುಂದೆ ಓದಿದ. ಅವಳು ಅತ್ತಲ್ಲಿ ನಿಂತು ಅರ್ಥ ಹುಡುಕಿದ. ಯಾರ ಸಾವಿಗೆ ಎದೆ ಬಡಿದುಕೊಂಡಳು, ಯಾರದಕ್ಕೆ ಬರೀ ಕಣ್ಣು ಒರೆಸಿದಳು, ಅದನ್ನು ನೋಡಿಕೊಂಡೇ ನಾಟಕಗಳ ಒಳಗು ಅವನಿಗೆ ತಿಳಿಯತೊಡಗಿತು. ಒಲೆಯ ಮುಂದಿನಿಂದ ಸರೋಜವ್ವ ಇಣುಕಿ ಚೇಷ್ಟೆ ಮಾಡುತ್ತಿದ್ದಳು.

"ಯಾಕ್ರಿ, ಇವತ್ತ ಯಾರ ಸತ್ರು? ನಿಮ್ಮ ಪ್ರೊಫೆಸರು ಧಾರವಾಡದಾಗಿಲ್ಲ ಬಿಡ್ರಿ, ಇಲ್ಲೇ ಅಕ್ಕಿ ಆರಸಾಕತ್ತಾರ."

ಪರೀಕ್ಷೆ ಹತ್ತಿರ ಬಂತು. ಪ್ರಬಂಧಕ್ಕೆ ಮನೆಯವರೊಬ್ಬರ ಬಗ್ಗೆ ಕೇಳುವುದುಂಟು, ಒಂದನ್ನು ಬರೆದು ಬಾಯಿಪಾಠ ಮಾಡಿ ಇಟ್ಟುಕೊಳ್ಳಿ ಎಂದು ಪ್ರೊಫೆಸರು ಹೇಳಿದ್ದರು. ಮಹಾಲಿಂಗಪ್ಪ ಸರೋಜವ್ವನ ಬಗ್ಗೆ ಬರೆದ. ಅವಳ ಹಸಿರು ಸೀರೆ, ಮಾತಿಗಿಂತ ಮೊದಲು ಬರುವ ನಗು, ತನ್ನ ಬಸ್ಸಿನ ಸದ್ದನ್ನು ಊರಿಗೆಲ್ಲ ಮೊದಲು ಕೇಳಿಸಿಕೊಳ್ಳುವ ಅವಳ ಕಿವಿ. ಕೊನೆಯೊಂದು ಬಾಕಿ ಇತ್ತು. ಬರೆದಷ್ಟನ್ನು ಮಧ್ಯಾಹ್ನ ಗಟ್ಟಿಯಾಗಿ ಓದಿದ. ಸ್ವಂತ ಇಂಗ್ಲಿಷು ಅವನಿಗೇ ಹಿತವಾಗಿ ಕೇಳಿಸುತ್ತಿತ್ತು.

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು.

"ಹಸರ ಸೀರೀ ಉಟ್ಟಾಕೀ... ಮಾತಿಗಿ ಮೊದಲ ನಗ್ತಿದ್ದಾಕೀ ನನ್ನವ್ವಾ..."

ಅಡುಗೆಮನೆಯಲ್ಲಿ ಸರೋಜವ್ವ ರೊಟ್ಟಿ ಬಡಿಯುತ್ತಿದ್ದಳು. ಇಲ್ಲಿ ಅಳು, ಅಲ್ಲಿ ಪಟಪಟ ರೊಟ್ಟಿಯ ಸದ್ದು. ಮಹಾಲಿಂಗಪ್ಪ ಎದ್ದುಹೋಗಿ ಮುದುಕಿಯ ಬಾಯಿಗೆ ಕೈ ಅಡ್ಡ ಹಿಡಿದ.

"ಆಯಿ! ಸುಮ್ಮನಾಗು! ಅಕಿ ಒಳಗ ಅದಾಳ!"

ಭರಮವ್ವ ಅವನ ಕೈ ಸರಿಸಿದಳು. "ಅಕಿನ ಬಗ್ಗೆ ಬರದಿ ಏನೋ? ಯಾಕ ಬರದ್ಯೋ ಹುಚ್ಚಾ?"

"ಎಲ್ಲಿ ಆಯಿ? ಹ್ಯಾಂಗ ಆಗ್ತೈತಿ? ಹೇಳು."

"ಎಲ್ಲಿ ಅಂತ ನೀ ಇನ್ನಾ ಹೇಳಿಲ್ಲಲ್ಲೋ." ಮುದುಕಿ ಅವನ ಮುಖವನ್ನೇ ನೋಡಿದಳು. "ಮುಗಸಬ್ಯಾಡ. ಅಷ್ಟಕ್ಕ ಬಿಡು. ಮುಗೀಲಾರದ್ದಕ್ಕ ನಾ ಅಳಾಂಗಿಲ್ಲ."

ಅವನು ಆ ಕಾಗದಗಳನ್ನು ಒಯ್ದು ಒಲೆಗೆ ಹಾಕಿದ. "ಅಯ್ಯ, ಇಷ್ಟ ಚಂದ ಬರದದ್ದು ಸುಟ್ರಿ?" ಎಂದು ಸರೋಜವ್ವ ಹಿಟ್ಟಿನ ಕೈಯಲ್ಲೇ ನಕ್ಕಳು. ಕಾಗದವೇನೋ ಸುಟ್ಟಿತು, ಆದರೆ ಬಾಯಿಪಾಠವಾದದ್ದು ತಲೆಯಿಂದ ಎಲ್ಲಿಗೆ ಹೋದೀತು? ಧಾರವಾಡಕ್ಕೆ ಹೊರಟ ದಿನ ಅವಳಿಗೆ ಹತ್ತು ಸಲ ಹೇಳಿದ: ಬಾವಿಗೆ ಹೋಗಬೇಡ, ನೀರನ್ನು ಆಳು ಗುತ್ತೆಪ್ಪ ತರಲಿ. ಅಟ್ಟ ಹತ್ತಬೇಡ. ಅವಳು ಹುಬ್ಬು ಹಾರಿಸಿದಳು.

"ಏನ್ರಿ ಇದು, ನಾ ಏನ ಸಣ್ಣ ಕೂಸೇನು? ಯಾವಾಗ ಬರ್ತೀರಿ ಅಷ್ಟ ಹೇಳ್ರಿ."

"ಕಡೀ ಪೇಪರು ಮುಗದ ದಿನಾನ, ಸಂಜೀ ಬಸ್ಸಿಗೆ ಬರ್ತೇನಿ."

ಉಳಿದ ಪರೀಕ್ಷೆಗಳು ಭರಮವ್ವನ ಪುಣ್ಯದಿಂದ ಸಲೀಸಾಗಿ ಹೋದವು. ಕಡೆಯದು ಪ್ರಬಂಧದ ಪೇಪರು. ಪ್ರಶ್ನೆಗಳನ್ನು ನೋಡಿ ಅವನಿಗೆ ಅಳು ಬರುವುದೊಂದು ಬಾಕಿ. ಒಂದು, ಹಡಗಿನ ಪ್ರಯಾಣ. ಅವನು ಕಂಡ ದೊಡ್ಡ ನೀರೆಂದರೆ ಊರ ಕೆರೆ. ಇನ್ನೊಂದು, ಹಿಮ ಬೀಳುವ ಸಂಜೆ ಬೆಂಕಿಗೂಡಿನ ಮುಂದೆ. ಅಕ್ಕಿಆಲೂರಿನಲ್ಲಿ ಹಿಮ! ಮೂರನೆಯದು, ನಿನ್ನ ಮನೆಯಲ್ಲಿ ನಿನಗೆ ಬೇಕಾದವರು.

ಹಡಗಿನ ಬಗ್ಗೆ ನಾಲ್ಕು ಸಾಲು ಗೀಚಿ ಹೊಡೆದುಹಾಕಿದ. ಹಿಮದ ಬಗ್ಗೆ ಒಂದು ಸಾಲೂ ಹುಟ್ಟಲಿಲ್ಲ. ಗೋಡೆಯ ಗಡಿಯಾರ ಓಡುತ್ತಿತ್ತು. ಕಣ್ಣು ಮುಚ್ಚಿದರೆ ಗಿರಣಿ, ಹೊಟ್ಟಿನ ಧೂಳು, ಅಪ್ಪನ ಒಣ ದನಿ. ತಲೆಯೊಳಗೆ ಸರೋಜವ್ವನ ಪ್ರಬಂಧ ಅಕ್ಷರವೂ ತಪ್ಪದೆ ಕೂತಿತ್ತು. ಮುದುಕಿಯ ಮಾತಿಗೆ ಹೆದರಿ ಜನ್ಮ ಹಾಳು ಮಾಡಿಕೊಳ್ಳಲೇ ಎಂದುಕೊಂಡ. ಆಮೇಲೆ ಒಂದು ಉಪಾಯ ಹೊಳೆಯಿತು. ಎಲ್ಲಿ ಎಂದು ಹೇಳುವವನು ನಾನೇ ತಾನೆ? ಹಾಗಾದರೆ ಬಾವಿಯಿಲ್ಲದ, ಬೆಂಕಿಯಿಲ್ಲದ, ಬೀಳುವುದಕ್ಕೆ ಎತ್ತರವೇ ಇಲ್ಲದ ಕಡೆ ಅವಳನ್ನು ನಿಲ್ಲಿಸಿದರಾಯಿತು.

ಹುಡುಕಿ ಹುಡುಕಿ ಊರ ಮುಂದಿನ ಹುಣಸೆ ಮರದ ತಿರುವನ್ನು ಆರಿಸಿದ. ಸಪಾಟಾದ ರಸ್ತೆ, ಹತ್ತಿರದಲ್ಲೇ ಮನೆಗಳು. ಸರೋಜವ್ವ ಎಂದೂ ಒಬ್ಬಳೇ ಅಲ್ಲಿಗೆ ಹೋದವಳಲ್ಲ, ಕಟ್ಟುಕತೆಗೆ ಅದೂ ಒಳ್ಳೆಯದೇ ಆಯಿತು. ಕೈಯಲ್ಲಿ ಒಂದು ಕಂದೀಲು ಕೊಟ್ಟ. ಬಸ್ಸು ಎಷ್ಟೇ ತಡವಾದರೂ ಅಲ್ಲಿ ನಿಂತು ಕಾಯುತ್ತಾಳೆ ಎಂದು ಬರೆದ. ಕಡೆಗೆ ಒಂದು ಚಂದದ ಸಾಲು ತಾನಾಗಿ ಬಂತು. ಅದನ್ನು ಬರೆದು ಚುಕ್ಕಿ ಇಟ್ಟ. ಅಂಥ ಇಂಗ್ಲಿಷನ್ನು ಅವನು ಹಿಂದೆಂದೂ ಬರೆದಿರಲಿಲ್ಲ.

ಸಂಜೆಗೆ ಊರು ಮುಟ್ಟುವ ಮಧ್ಯಾಹ್ನದ ಬಸ್ಸು ಹತ್ತಿದ. ಅದು ಶಿಗ್ಗಾಂವಿಯ ಸ್ಟ್ಯಾಂಡಿನಲ್ಲಿ ಕೆಟ್ಟು ನಿಂತಿತು. ಕಂಡಕ್ಟರ್ ಪೀರಸಾಬ ಕೈ ಒರೆಸಿಕೊಳ್ಳುತ್ತ ಬಂದು, "ಇವತ್ತ ಹೋಗೂದಿಲ್ರಿ ಇದು, ಮುಂಜಾನಿಗೇ ಅಂತ ತಿಳ್ಕೋರಿ," ಎಂದ. ಮಹಾಲಿಂಗಪ್ಪನಿಗೆ ಬೇಸರವೂ ಆಗಲಿಲ್ಲ. ಸವಣೂರಿನ ಖಾರದ ಕುರುಕಲು ತಿಂದು ಚಹಾ ಕುಡಿದು, ಧಾರವಾಡದ ಎರಡು ಕೋಣೆಯ ಮನೆಯಲ್ಲಿ ಮಂಚ ಎಲ್ಲಿ ಹಾಕುವುದು ಎಂದು ಯೋಚಿಸುತ್ತ ಬೆಂಚಿನ ಮೇಲೆ ನಿದ್ದೆ ಹೋದ.

ಮರುದಿನ ಬಿಸಿಲು ಏರುವ ಹೊತ್ತಿಗೆ ಬಸ್ಸು ಊರ ಮುಂದೆ ಬಂತು. ತಿರುವಿನಲ್ಲಿ, ಹುಣಸೆ ಮರದ ಬುಡದಲ್ಲಿ, ಒಂದು ಕಂದೀಲು ಅಡ್ಡ ಬಿದ್ದಿತ್ತು. ಗಾಜು ಒಡೆದಿತ್ತು. ಹಿಡಿಕೆಗೆ ಕೆಂಪು ದಾರ ಸುತ್ತಿದ್ದ ಆ ಕಂದೀಲು ತನ್ನ ಮನೆಯದೇ ಎಂದು ಅವನಿಗೆ ಗುರುತು ಸಿಕ್ಕಿತು. ಬಸ್ಸು ನಿಲ್ಲಿಸಿ ಇಳಿದ.

ಅಷ್ಟರಲ್ಲಿ ಅಳು ಕೇಳಿಸಿತು. ಬೇರೆ ಯಾರ ಮನೆಯದೋ ಆಗಿರಲಿ ದೇವರೇ ಎಂದು ಬೇಡಿಕೊಂಡ. ಹತ್ತಿರವಾದಂತೆ ಸೊಲ್ಲುಗಳು ಬಿಡಿಬಿಡಿಯಾಗಿ ಕಿವಿಗೆ ಬಿದ್ದವು.

"ಹಸರ ಸೀರೀ ಉಟ್ಟಾಕೀ... ಮಾತಿಗಿ ಮೊದಲ ನಗ್ತಿದ್ದಾಕೀ... ಬಸ್ಸಿನ ಸದ್ದ ಊರಿಗೆ ಮೊದಲ ಕೇಳ್ತಿದ್ದಾಕೀ... ಹುಣಸೀ ಗಿಡದ ತಿರುವಿನಾಗ ಕಂದೀಲಾ ಹಿಡದಾಕೀ... ಬಸ್ಸ ಎಷ್ಟ ತಡಾ ಆದ್ರೂ ನಿಂತಾಕೀ ನನ್ನವ್ವಾ..."

ಅವನು ಪರೀಕ್ಷೆಯಲ್ಲಿ ಬರೆದದ್ದೇ. ಸಾಲಿನ ಮೇಲೆ ಸಾಲು, ಅದೇ ಸರದಿಯಲ್ಲಿ. ಧಾರವಾಡದಲ್ಲಿ ಕಟ್ಟಿ ಸೀಲು ಹಾಕಿಟ್ಟ ಪೇಪರನ್ನು ಇನ್ನೂ ಯಾರೂ ಬಿಚ್ಚಿರಲಿಕ್ಕಿಲ್ಲ.

ನಮ್ಮ ಕಡೆಯ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪಡಸಾಲೆಯಲ್ಲಿ ಸರೋಜವ್ವನನ್ನು ಗೋಡೆಗೆ ಆನಿಸಿ ಬಾಗಿಲ ಕಡೆ ಮುಖ ಮಾಡಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಹಸಿರು ಸೀರೆ. ಬರುವವರ ದಾರಿ ನೋಡುತ್ತ ಕೂತಂತೆಯೇ ಇದ್ದಳು. ಪರಮೇಶ್ವರಪ್ಪ ಮಗನ ರಟ್ಟೆ ಹಿಡಿದ. ಅವನ ಒಣ ದನಿ ಒಡೆದಿತ್ತು.

"ಎಂದೂ ಒಬ್ಬಾಕೀನ ರೋಡಿಗಿ ಹ್ವಾದಾಕಿ ಅಲ್ಲೋ ತಮ್ಮಾ. ನಿನ್ನಿ ಸಂಜೀಕ ಏನ ಅನಸ್ತೋ ಏನೋ, ಕಂದೀಲಾ ತಗೊಂಡು ಹೊಂಟ್ಲು. ಕರದ್ರೂ ಬರ್ಲಿಲ್ಲ. ಬಸ್ಸು ಬರ್ಲಿಲ್ಲ, ಕತ್ಲಾತು. ಹುಣಸೀ ಬುಡಕ ಹಾವು ಮುಟ್ತು."

ಭರಮವ್ವನ ಅಳು ನಿಂತಿತು. ಕೂತ ಹೆಂಗಸರೆಲ್ಲ ತಲೆಯೆತ್ತಿದರು. ಅಷ್ಟು ವರ್ಷಗಳಲ್ಲಿ ಅವಳು ನಡುವೆ ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಮಹಾಲಿಂಗಪ್ಪನನ್ನು ನೋಡಿದಳು. ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಅದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮುಗಿಸಿದಿ, ಹೌದಲ್ಲೋ?"

ಅವನು ಹೌದೆಂದು ಗೋಣು ಹಾಕಿದ.

"ಕಡೀ ಸೊಲ್ಲೊಂದ ನನಗ ಸಿಗವಲ್ದು. ಮುಂಜಾನಿಂದ ತಡಕಾಡಾಕತ್ತೇನಿ. ಅದಿಲ್ದ ಅಕಿ ಬಾಗಲಾ ಬಿಟ್ಟು ಹೋಗಾಂಗಿಲ್ಲ." ಮುದುಕಿ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದಳು. "ಓದು."

ಅವನು ಹೆಂಡತಿಯ ಎದುರು ಕೂತ. ಆ ಚಂದದ ಸಾಲನ್ನು ಇಂಗ್ಲಿಷಿನಲ್ಲಿ, ಪ್ರೊಫೆಸರು ಕಲಿಸಿದ ಹಾಗೆ ಗಟ್ಟಿಯಾಗಿ ಹೇಳಿದ. ಊರ ಹೆಂಗಸರು ಸೆರಗು ಕಚ್ಚಿಕೊಂಡು ಕೇಳಿದರು.

ಭರಮವ್ವ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ಸರೋಜವ್ವನ ಗಲ್ಲ ಹಿಡಿದು, ಬಾಗಿಲ ಕಡೆಗಿದ್ದ ಅವಳ ಮುಖವನ್ನು ಮೆಲ್ಲಗೆ ಅವನತ್ತ ತಿರುಗಿಸಿ, ಆ ಕಡೆಯ ಸೊಲ್ಲು ಎತ್ತಿದಳು.

"ಅಂವ ಬರೂತನಕಾ ಹೋಗಾಕಿ ಅಲ್ಲ ನನ್ನವ್ವಾ... ಬಂದಾನ ನೋಡು. ಇನ್ನ ಹೋಗು."