ಅರ್ಧ ಸುತ್ತಿನ ಕೆಲಸ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮೆಜಮಾನರು ಕೊಡೆ ಹಿಡಿಯಲಿಲ್ಲ. ಮೀನಿನ ತೊಟ್ಟಿಯ ಮೇಲೆ ಶಟಲ್ ಕೋರ್ಟಿಗೆ ಹಾಕುವಂಥ ದೀಪ ತೂಗುಹಾಕಿದರು.

ಎರಡು ಸಾವಿರದ ಮೂರನೇ ಇಸವಿ. ಕೆ.ಆರ್. ಪುರದಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ ಹರಿದುಹೋಗಿ, ಕೊನೆಗೆ ಉಳಿದ ತುಂಡಿನ ಮೇಲೆ ನಮ್ಮ ಮನೆ ಎದ್ದಿತ್ತು. ಮೂರು ಮಹಡಿ, ಗೇಟಿನ ಮೇಲೆ ಎರಡು ಸಿಂಹ, ಹಾಲಿನ ನಡುವೆ ಏನನ್ನೂ ಹೊರದ ನಾಲ್ಕು ಕಂಬ. ಇಷ್ಟಾದರೂ ಇವರಿಗೆ ಸಮಾಧಾನವಿರಲಿಲ್ಲ. ದೊಡ್ಡಪ್ಪನ ಮಗ ಸಂಜೀವಪ್ಪ ಇಂದಿರಾನಗರದ ತನ್ನ ಮನೆಯಲ್ಲಿ ಗಾಜಿನ ತೊಟ್ಟಿಯೊಳಗೆ ಕಾಡು ಬೆಳೆಸಿದ್ದ. ಅಂಥದ್ದೇ ಕಾಡು, ಆದರೆ ಅದಕ್ಕಿಂತ ದೊಡ್ಡದು, ನಮ್ಮ ಹಾಲಿನಲ್ಲೂ ಆಗಬೇಕಿತ್ತು. ಸಂಜೀವಪ್ಪ ಹಲ್ಲಿಗೆ ಚಿನ್ನ ಕಟ್ಟಿಸಿದ್ದರೆ ಇವರು ಒಳ್ಳೆಯ ಹಲ್ಲು ಕೀಳಿಸಿಕೊಂಡು ಕಟ್ಟಿಸುತ್ತಿದ್ದರು, ಅಷ್ಟೇ ವ್ಯತ್ಯಾಸ.

ಅವರ ಕಾಡು ಅವರಿಗಿರಲಿ ಎಂದು ಸುಮ್ಮನಿರಬಹುದಿತ್ತು. ಇರಲಾಗದ್ದು ಹವಾಲ್ದಾರನಿಂದ.

ಹವಾಲ್ದಾರ ನಮ್ಮಪ್ಪನ ಮೀನು. ಅಪ್ಪ ಹಲಸೂರಿನ ಮಿಲಿಟರಿ ಉಗ್ರಾಣವೊಂದರಲ್ಲಿ ಗುಮಾಸ್ತರಾಗಿದ್ದರು. ಮರ್ಫಿ ಟೌನಿನ ನಮ್ಮ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಪಕ್ಕ, ಎರಡು ಅಡಿಯ ತೊಟ್ಟಿ ಇಟ್ಟಿದ್ದರು. ತೊಂಬತ್ತೊಂದರಲ್ಲಿ ಶಿವಾಜಿನಗರದಿಂದ ಬೆರಳುದ್ದದ ಕ್ಲೌನ್ ಲೋಚ್ ಒಂದನ್ನು ತಂದರು. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟಿ. ತೋಳಿನ ಮೇಲೆ ಮೂರು ಪಟ್ಟಿ ಇದ್ದವನು ಹವಾಲ್ದಾರ ತಾನೆ, ಹಾಗಾಗಿ ಆ ಹೆಸರು. ಅದು ತಳದ ಮೀನು. ಕಲ್ಲಿನ ಸಂದಿಯಲ್ಲಿ ಮಲಗಿರುವುದು, ಊಟದ ಹೊತ್ತಿಗೆ ಮೀಸೆ ಅಲ್ಲಾಡಿಸುತ್ತಾ ಹೊರಬರುವುದು, ಇಷ್ಟೇ ಅದರ ಡ್ಯೂಟಿ. ನನ್ನನ್ನು ಬಿ.ಎಸ್ಸಿ. ಬಾಟನಿ ಓದಿಸಿದ ಅಪ್ಪ ಕೊನೆಯ ವಾರ ಆಸ್ಪತ್ರೆಯಲ್ಲಿ ನನ್ನ ಮದುವೆಯ ಬಗ್ಗೆಯಾಗಲಿ, ಮನೆಯ ಬಗ್ಗೆಯಾಗಲಿ ಮಾತೆತ್ತಲಿಲ್ಲ. "ಹವಾಲ್ದಾರನ್ನ ನೋಡ್ಕೋ ಹಂಸ," ಎಂದರು. ನಾನು ಅವನನ್ನು ಸ್ಟೀಲ್ ಬಕೆಟ್ಟಿನಲ್ಲಿ ಹಾಕಿಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಗಂಡನ ಮನೆಗೆ ತಂದೆ. ಆರು ವರ್ಷ ಅಡುಗೆಮನೆಯ ಮೂಲೆಯಲ್ಲಿ ಸಾಕಿದೆ. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅವನೊಬ್ಬನೇ.

ಹೊಸ ಮನೆಗೆ ಸಾಮಾನು ಸಾಗಿಸುವಾಗ ಇವರು ಅಪ್ಪನ ತೊಟ್ಟಿಯನ್ನು ಕಾಲಲ್ಲಿ ಸರಿಸಿ, "ಈ ಡಬ್ಬಾ ಆ ಮನೆಗೆ ಬೇಡ. ನಿನ್ ಮೀನ್ನೂ ದೊಡ್ ಟ್ಯಾಂಕಿಗೇ ಬಿಡು," ಎಂದರು. ಅಲ್ಲಿಗೆ ದೊಡ್ಡ ಟ್ಯಾಂಕಿಗೆ ಯಾವ ದೀಪ, ಯಾವ ಗಾಳಿ ಎನ್ನುವುದು ನನ್ನ ತಲೆನೋವೂ ಆಯಿತು.

ಮೊದಲು ಇವರನ್ನು ಶಿವಾಜಿನಗರದ ವಾಜಿದ್ ಭಾಯ್ ಹತ್ತಿರವೇ ಕರೆದುಕೊಂಡು ಹೋದೆ. ಅಪ್ಪನಿಗೆ ಹವಾಲ್ದಾರನನ್ನು ಕೊಟ್ಟವರು ಅವರೇ. ಹಕ್ಕಿ ಪಂಜರಗಳ ಸಾಲಿನ ಕೊನೆಯಲ್ಲಿ ಆಳೆತ್ತರದ ಅಂಗಡಿ. ವಾಜಿದ್ ಭಾಯ್ ನಮ್ಮ ತೊಟ್ಟಿಯ ಅಳತೆ ಕೇಳಿದರು. ನಾಲ್ಕು ಅಡಿ ಉದ್ದ, ಇನ್ನೂರು ಲೀಟರ್ ನೀರು ಎಂದೆ.

"ಮೊದ್ಲನೇ ಸಲ ಗಿಡ ಹಾಕ್ತಿದೀರ ಅಲ್ವಾ ಅಕ್ಕಾ? ಎರಡು ಟ್ಯೂಬ್‌ಲೈಟ್ ಸಾಕು, ಬಸ್. ದಿನಾ ಎಂಟು ಗಂಟೆ ಹಾಕಿ, ಆಮೇಲೆ ಬಂದ್ ಮಾಡಿ. ಗಿಡಾನೂ ಮಲಗ್ಬೇಕಲ್ಲ. ಜಾವಾ ಫರ್ನ್ ಕೊಡ್ತೀನಿ, ವ್ಯಾಲಿಸ್ನೇರಿಯಾ ಕೊಡ್ತೀನಿ. ಇವಕ್ಕೆ ಗ್ಯಾಸ್ ಗೀಸ್ ಏನೂ ಬೇಡ, ಮೀನು ಬಿಡೋ ಉಸಿರೇ ಸಾಕು."

"ಸಂಜೀವಪ್ಪನ ಟ್ಯಾಂಕಲ್ಲಿ ಗ್ಯಾಸ್ ಐತೆ," ಎಂದರು ಇವರು.

"ಬೇಕೇ ಬೇಕು ಅಂದ್ರೆ ಒಂದು ಬಾಟ್ಲಿಗೆ ಸಕ್ಕರೆ ನೀರು, ಬೇಕರಿ ಈಸ್ಟ್ ಹಾಕಿ, ಮುಚ್ಚಳಕ್ಕೆ ಪೈಪ್ ಬಿಡಿ ಸಾಬ್. ಚೂರು ಚೂರೇ ಬರುತ್ತೆ. ದೊಡ್ಡ ಸಿಲಿಂಡರ್ ಹೊಸಬ್ರ ಕೈಗೆ ಒಳ್ಳೇದಲ್ಲ. ಲೈಟ್ ಹೋಯ್ತಾ, ಗ್ಯಾಸೂ ಹೋಗ್ಬೇಕು. ಇದೊಂದು ಮರೆತ್ರೆ ಮೀನು ಖತಂ."

ಹೊರಗೆ ಬಂದ ಮೇಲೆ ಇವರು ನಕ್ಕ ನಗು ಪಂಜರದ ಗಿಳಿಗಳೂ ತಿರುಗಿ ನೋಡುವಂತಿತ್ತು. "ಸಕ್ಕರೆ ನೀರು, ಈಸ್ಟು! ನಮ್ ಹಾಲ್‌ನಲ್ಲಿ ಹೆಂಡ ಇಳಿಸ್ಲಾ? ಟ್ಯೂಬ್‌ಲೈಟ್ ಅಂತೆ! ಅದು ದನದ ಕೊಟ್ಟಿಗೇಲೂ ಐತೆ."

ಬಾಟನಿಯ ಎರಡನೇ ವರ್ಷದ ಪಾಠವನ್ನು ಆಟೋದಲ್ಲಿ ಕೂತು ಬಿಡಿಸಿ ಹೇಳಿದೆ. ಬೆಳಕಿದ್ದಾಗ ಮಾತ್ರ ಗಿಡ ಈ ಗ್ಯಾಸನ್ನು, ಅಂದರೆ ಇಂಗಾಲದ ಡೈಆಕ್ಸೈಡನ್ನು, ಕುಡಿಯುತ್ತದೆ. ಕತ್ತಲಾದರೆ ಅದೂ ನಮ್ಮ ಹಾಗೆ ಆಮ್ಲಜನಕ ಎಳೆದು ಅದನ್ನೇ ಹೊರಗೆ ಬಿಡುತ್ತದೆ. ಆಗಲೂ ಗ್ಯಾಸ್ ಬಿಟ್ಟರೆ ಮೀನಿನ ಪಾಲಿಗೆ ಅದು ವಿಷ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಅದು ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಇವರು ಮೊಬೈಲಿನಲ್ಲಿ ಸಂಜೀವಪ್ಪನ ಹತ್ತಿರ ಅಂಗಡಿಯ ವಿಳಾಸ ಕೇಳುತ್ತಿದ್ದರು.

ಅದು ಇಂದಿರಾನಗರದ ಏಸಿ ಅಂಗಡಿ. ಅಲ್ಲಿ ಜುಟ್ಟು ಬಿಟ್ಟಿದ್ದ ಒಬ್ಬ ಮಹಾನುಭಾವ ನಮ್ಮ ತೊಟ್ಟಿಯ ಅಳತೆಯನ್ನು ಕೇಳಲೇ ಇಲ್ಲ, ಮನೆಯ ಹಾಲ್‌ನ ಅಳತೆ ಕೇಳಿದ. ಇಂಗ್ಲಿಷಿನಲ್ಲಿ ಇವರನ್ನು ನಾಲ್ಕು ಸಲ ಸರ್ ಎಂದ. ನಾಲ್ಕನೇ ಸರ್‌ಗೆ ಇವರು ಬಿದ್ದುಹೋದರು. ಸೂರಿನಿಂದ ಸರಪಳಿಯಲ್ಲಿ ಇಳಿಬಿಡುವ ಮೆಟಲ್ ಹ್ಯಾಲೈಡ್ ದೀಪ, ಐದು ಕೆಜಿಯ ಗ್ಯಾಸ್ ಸಿಲಿಂಡರು, ಅದಕ್ಕೊಂದು ಹಿತ್ತಾಳೆಯ ತಿರುಪು, ಗುಳ್ಳೆ ಬಿಡಲು ಪಿಂಗಾಣಿ ಬಿಲ್ಲೆ, ಒಂದು ಸಣ್ಣ ಕಾಡಿಗಾಗುವಷ್ಟು ಗಿಡ, ನಲವತ್ತು ನಿಯಾನ್ ಟೆಟ್ರಾ ಮೀನು. ಸೆಕೆಂಡಿಗೆ ಒಂದು ಗುಳ್ಳೆ ಬಂದರೆ ಸಾಕು ಎಂದು ಅವನೂ ಹೇಳಿದ, ಪಾಪ. ಒಂದು ಗುಳ್ಳೆ ನೋಡಲು ಯಾರು ಬರುತ್ತಾರೆ? ಮನೆಗೆ ಬಂದು ಇವರು ಸರ ಪಟಾಕಿ ಹೊತ್ತಿಸಿದ ಹಾಗೆ ಗುಳ್ಳೆ ಬಿಟ್ಟರು. ನಾನು ಆಮೇಲೆ ಯಾರೂ ಇಲ್ಲದಾಗ ಹೋಗಿ ತಿರುಪನ್ನು ಹಿಂದಕ್ಕೆ ತಿರುಗಿಸಿದೆ. ಪೂರ್ತಿ ಮುಚ್ಚಲು ಅರ್ಧ ಸುತ್ತು ಸಾಕು. ಒಂದು ತಿಂಗಳು ಇದೇ ನಡೆಯಿತು: ಇವರು ಬಿಚ್ಚುವುದು, ನಾನು ಮುಚ್ಚುವುದು.

ಈ ನಡುವೆ, ಗೃಹಪ್ರವೇಶದ ದಿನ, ಇನ್ನೊಂದು ಯಡವಟ್ಟು ಸೇರಿಕೊಂಡಿತು. ಪುರೋಹಿತರು ದೇವರ ಮನೆಯಲ್ಲಿ ದೀಪ ಹಚ್ಚಿಸುವ ಹೊತ್ತಿಗೆ ಸರಿಯಾಗಿ ಇವರು ಹಾಲಿನಲ್ಲಿ ತೊಟ್ಟಿಯ ದೀಪದ ಸ್ವಿಚ್ ಒತ್ತಿದರು. ಬಂದವರೆಲ್ಲ ದೇವರನ್ನು ಬಿಟ್ಟು ಈ ಕಡೆ ತಿರುಗಲಿ ಎಂದು. ತಿರುಗಿದರು ಕೂಡ. ನಮ್ಮತ್ತೆ ಪಟಾಲಮ್ಮ ಎದ್ದು ಬಂದು, ಗಾಜಿಗೆ ಅರಿಶಿನ ಕುಂಕುಮ ಹಚ್ಚಿ, ಕೈ ಮುಗಿದರು.

"ಗಂಗಮ್ಮನ ಮುಂದೆ ಒಳ್ಳೇ ಗಳಿಗೇಲಿ ಹಚ್ಚಿದ್ ದೀಪ ಕಣ್ಲಾ ಸೀನ. ನಲವತ್ತೆಂಟು ದಿನ ಆರಬಾರ್ದು."

ಮಗ ಹೂಂ ಎಂದುಬಿಟ್ಟರು. ಅಂಗಡಿಯವನು ಎಂಟು ಗಂಟೆ ಎಂದಿದ್ದ, ವಾಜಿದ್ ಭಾಯ್ ಎಂಟು ಗಂಟೆ ಎಂದಿದ್ದರು, ನಾನು ಎಂಟು ಗಂಟೆ ಎಂದು ಬಾಯಿ ನೋಯಿಸಿಕೊಂಡಿದ್ದೆ. ಹೆಬ್ಬೆಟ್ಟು ಒತ್ತುವ ಪಟಾಲಮ್ಮನವರ ಒಂದು ಮಾತಿಗೆ ದೀಪ ಹಗಲೂ ರಾತ್ರಿ ಉರಿಯಿತು. ಹೇಳಿಕೇಳಿ ಅತ್ತೆಗೆ ಮೀನೆಂದರೆ ಸಾರು. ಅವರನ್ನು ಕಂಡರೆ ನನಗೆ ಕೋಪವೂ ಬರುತ್ತಿರಲಿಲ್ಲ, ಅಯ್ಯೋ ಎನಿಸುತ್ತಿತ್ತು. ಅಷ್ಟು ಕೀಳಾಗಿ ಕಂಡಿದ್ದೆ.

ಇಪ್ಪತ್ತು ದಿನದಲ್ಲಿ ಗಾಜಿಗೆ ಹಸಿರು ಪಾಚಿ ಕಟ್ಟಿತು. ಗಿಡಗಳಿಗೆ ಕೂದಲು ಬೆಳೆಯಿತು. ಬೆಳಕು ಹೆಚ್ಚಾದರೆ ಪಾಚಿ ಬರುತ್ತದೆ ಎಂದು ನಮ್ಮೂರ ಬಾವಿಕಟ್ಟೆಗೂ ಗೊತ್ತು. ಇವರಿಗೆ ಮಾತ್ರ ಅದು ಗ್ಯಾಸ್ ಸಾಲದ್ದರ ಲಕ್ಷಣವಾಗಿ ಕಂಡಿತು.

ಆ ಭಾನುವಾರ ಸಂಜೀವಪ್ಪ ಹೆಂಡತಿಯ ಜೊತೆ ಊಟಕ್ಕೆ ಬರುವುದಿತ್ತು. ಬೆಳಿಗ್ಗೆಯಿಂದ ಇವರು ಬನಿಯನ್ನಿನಲ್ಲಿ ಗಾಜು ಉಜ್ಜಿದರು, ತಿರುಪನ್ನು ಎಂದಿಗಿಂತ ಹೆಚ್ಚು ಬಿಚ್ಚಿದರು. ನಾನು ನೋಡಿ ಮುಚ್ಚಲು ಹೋದೆ. ಈ ಸಲ ಸಿಕ್ಕಿಬಿದ್ದೆ.

"ಓಹೋ, ದಿನಾ ಕಮ್ಮಿ ಮಾಡ್ತಿದ್ದೋಳು ನೀನಾ? ಅದ್ಕೇ ಪಾಚಿ ಬಂದಿರೋದು!"

"ರೀ, ಅಷ್ಟೊಂದು ಬಿಟ್ರೆ ಮೀನು ಉಳಿಯಲ್ಲ."

"ಬಾಟನಿ ಓದಿ ಏನ್ ಮಾಡ್ತಿದೀಯ? ಕೊತ್ತಂಬ್ರಿ ಸೊಪ್ಪು ಬಿಡಿಸ್ತಿದೀಯ. ಅದನ್ನೇ ಮಾಡೋಗು."

ನನಗೆ ಮೈಯೆಲ್ಲ ಉರಿದುಹೋಯಿತು. "ಇನ್ನು ಆ ತೊಟ್ಟಿಗೆ ಕೈ ಹಾಕಿದ್ರೆ ಕೇಳಿ," ಎಂದು ಹೇಳಿ ಅಡುಗೆಮನೆಗೆ ಬಂದು, ನಿಜವಾಗಿಯೂ ಕೊತ್ತಂಬರಿ ಸೊಪ್ಪು ಬಿಡಿಸಲು ಕೂತೆ. ಇವರು ಸ್ವೀಟು ತರಲು ಹಲಸೂರಿಗೆ ಹೊರಟರು.

ಹನ್ನೊಂದಕ್ಕೆ ಕರೆಂಟು ಹೋಯಿತು. ತೊಟ್ಟಿಯ ದೀಪ ಆರಿತು, ನೀರು ತಿರುಗಿಸುವ ಪಂಪು ನಿಂತಿತು. ಅತ್ತೆ "ಅಯ್ಯೋ ಗಂಗಮ್ಮಾ" ಎಂದು ಓಡಾಡಿ, ಎಣ್ಣೆ ದೀಪವೊಂದನ್ನು ಹಚ್ಚಿ ತಂದು ತೊಟ್ಟಿಯ ಪಕ್ಕ ಇಟ್ಟರು. ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಸಿಲಿಂಡರಿಗೆ ಕರೆಂಟು ಬೇಕಿಲ್ಲ.

ನಾನು ಏಳಲಿಲ್ಲ. ಒಮ್ಮೆ ನೀರು ಕುಡಿಯುವ ನೆಪದಲ್ಲಿ ಹಾಲಿಗೆ ಹೋದೆ. ಕಿಟಕಿಯ ಮಬ್ಬು ಬೆಳಕಿನಲ್ಲಿ ಗುಳ್ಳೆಗಳು ದಬದಬ ಏಳುತ್ತಿದ್ದವು. ಟೆಟ್ರಾಗಳು ನೀರಿನ ಮೇಲ್ಗಡೆ ಗುಂಪು ಕಟ್ಟಿ ಬಾಯಿ ತೆರೆದು ಮುಚ್ಚುತ್ತಿದ್ದವು. ಅವುಗಳ ನಡುವೆ ಕಿತ್ತಳೆ ಬಣ್ಣದ ದೊಡ್ಡ ಮೈಯೊಂದು ಕಂಡಿತು. ಹನ್ನೆರಡು ವರ್ಷದಲ್ಲಿ ಹವಾಲ್ದಾರ ಮೇಲೆ ಬಂದದ್ದನ್ನು ನಾನು ನೋಡಿರಲಿಲ್ಲ.

ತಿರುಪು ನನ್ನ ಕೈಗೆಟುಕುವಷ್ಟು ಹತ್ತಿರವಿತ್ತು. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಬೇರೆಯೇ. ಒಂದು ಗಂಟೆಗೆ ಸಂಜೀವಪ್ಪ ಬರುತ್ತಾನೆ. ನಲವತ್ತು ಟೆಟ್ರಾ ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತವೆ. ಇವರ ಮುಖ ಆಗ ನೋಡಬೇಕು. ಹವಾಲ್ದಾರ ಗಟ್ಟಿ ಜೀವ, ಅವನಿಗೇನಾಗುತ್ತದೆ, ಮೊದಲು ಸಾಯುವುದು ಚಿಕ್ಕವು ಎಂದು ನನಗೆ ನಾನೇ ಹೇಳಿಕೊಂಡೆ. ಲೋಟ ತೊಳೆದಿಟ್ಟು ಮತ್ತೆ ಸೊಪ್ಪಿನ ಮುಂದೆ ಕೂತೆ. ಮನಸ್ಸಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಎಷ್ಟು ಹೊತ್ತಾಯಿತೋ, ಹಾಲಿನಿಂದ ನೀರು ಸುರಿಯುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲೆ ನಿಂತಿದ್ದರು. ಚೊಂಬಿನಲ್ಲಿ ತೊಟ್ಟಿಯ ನೀರು ಮೊಗೆದು, ಕಾಫಿ ಆರಿಸುವ ಹಾಗೆ ಎತ್ತರದಿಂದ ಮತ್ತೆ ತೊಟ್ಟಿಗೇ ಹುಯ್ಯುತ್ತಿದ್ದರು. ಗ್ಯಾಸಿನ ಪೈಪನ್ನು ಕಿತ್ತು ನೆಲಕ್ಕೆ ಬಿಸಾಡಿದ್ದರು. ಹೊಸ ಗ್ರಾನೈಟಿನ ತುಂಬ ನೀರು. ಆದರೂ ಅವರು ನಿಲ್ಲಿಸಿರಲಿಲ್ಲ.

"ಬ್ಯಾಸ್ಗೇಲಿ ಕೆರೆ ಇಂಗ್ದಾಗ ಮೀನು ಹಿಂಗೇ ಬಾಯ್ ಬಾಯ್ ಬಿಡ್ತವೆ. ನಮ್ಮಪ್ಪ ದೊಣ್ಣೆ ತಕ್ಕಂಡು ನೀರು ಬಡೀತಿದ್ದ, ಗಾಳಿ ಸೇರ್ಲಿ ಅಂತ. ಆ ಪೈಪ್ನಾಗೆ ಏನೋ ಕೆಟ್ಟದ್ದು ಬತ್ತಿತ್ತು ಅಂತ ಕಿತ್ತಾಕ್ದೆ. ನೋಡಮ್ಮಿ, ಈ ಕಡೇವು ಒದ್ದಾಡ್ತವೆ, ಬದುಕ್ತವೆ."

ಟೆಟ್ರಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕಿದವು. ಹವಾಲ್ದಾರ ಬದುಕಲಿಲ್ಲ. ಫಿಲ್ಟರಿನ ಪಕ್ಕದ ಮೂಲೆಯಲ್ಲಿ, ನೀರಿನ ಮೇಲೆ, ಮೂರು ಪಟ್ಟಿಯೂ ಕಾಣುವಂತೆ ಅಡ್ಡ ಮಲಗಿದ್ದ. ಕೈಗೆತ್ತಿಕೊಂಡೆ. ಮೀಸೆ ನನ್ನ ಬೆರಳಿಗೆ ಅಂಟಿಕೊಂಡಿತು. ಅಪ್ಪ ನನಗೆ ಹೇಳಿದ್ದು ಒಂದೇ ಒಂದು ಕೆಲಸ. ನಾನು ಅತ್ತುಬಿಟ್ಟೆ. ಇವರ ಮನೆಯಲ್ಲಿ ಆರು ವರ್ಷದಲ್ಲಿ ಮೊದಲ ಸಲ ಎಲ್ಲರೆದುರು ಅತ್ತೆ.

ಪಟಾಲಮ್ಮ ಸ್ಟೂಲಿನಿಂದ ಇಳಿದು ಒದ್ದೆ ಕೈಯನ್ನು ನನ್ನ ಬೆನ್ನಿನ ಮೇಲಿಟ್ಟರು. "ಅಳಬ್ಯಾಡ ತಾಯಿ. ನಿಮ್ಮಪ್ಪನ ಮೀನು ಅಂತ ನಂಗೊತ್ತು. ದೀಪ ಆರಿಸ್ಬ್ಯಾಡ ಅಂದೋಳು ನಾನೇ, ನನ್ ತೆಪ್ಪೇ ಇರ್ಬೇಕು. ಓದಿಲ್ಲದ ಮುಂಡೇದು, ನಂಗೇನ್ ಗೊತ್ತಾಯ್ತದೆ. ಆ ಪೈಪ್ನಾಗೆ ಇಸ ಬತ್ತದೆ ಅಂತ ನಿಂಗಾರಾ ಗೊತ್ತಿತ್ತಾ?"

ಅಷ್ಟರಲ್ಲಿ ಸ್ವೀಟಿನ ಡಬ್ಬ ಹಿಡಿದು ಇವರು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಸಂಜೀವಪ್ಪ ಮತ್ತು ಅವನ ಹೆಂಡತಿ ನೀರು ತುಳಿಯದಂತೆ ಚಪ್ಪಲಿ ಬಿಡುತ್ತಿದ್ದರು. ಮೂವರೂ ನನ್ನನ್ನೇ ನೋಡುತ್ತಿದ್ದರು. ನಾನು ನೋಡಬೇಕೆಂದುಕೊಂಡಿದ್ದ ಮುಖ ಎದುರಿಗೇ ಇತ್ತು. ನನಗೆ ತಲೆ ಎತ್ತಲು ಆಗಲಿಲ್ಲ.

"ಇಲ್ಲ ಅತ್ತೆ," ಎಂದೆ. "ನಂಗೂ ಗೊತ್ತಿರ್ಲಿಲ್ಲ."

"ಅವಳಿಗೆಲ್ಲಿ ಗೊತ್ತಿರ್ತದಮ್ಮಾ," ಎಂದರು ಇವರು, ಮೆಲ್ಲಗೆ, ನನ್ನ ಪರ ವಹಿಸಿಕೊಳ್ಳುವವರ ಹಾಗೆ.

ನಾನು ಹೌದೆಂದು ತಲೆಯಾಡಿಸಿದೆ.