ಬೋರಮ್ಮನ ಮುಂದಿನ ಹಲ್ಲು

"ಅಳೇ! ಬಾಯಿ ತೆಗೆದು ಅಳೇ!" ಗಂಡನ ಅಕ್ಕ ಮಾದೇವಮ್ಮ ಭುಜ ಹಿಡಿದು ಅಲ್ಲಾಡಿಸಿದರೂ ಬೋರಮ್ಮ ತುಟಿ ಬಿಚ್ಚಲಿಲ್ಲ. ಕಣ್ಣೀರೇನೋ ಸುರಿಯುತ್ತಲೇ ಇತ್ತು. ಲಷ್ಕರ್ ಮೊಹಲ್ಲಾದ ಆ ಪುಟ್ಟ ಪಡಸಾಲೆಯಲ್ಲಿ ಅವಳ ಗಂಡ ಚೆಲುವರಾಜು ದವಡೆಗೆ ಬಟ್ಟೆ ಕಟ್ಟಿಸಿಕೊಂಡು ಹೆಣವಾಗಿ ಮಲಗಿದ್ದ.

"ಮೂವತ್ತು ವರ್ಷ ಸಂಸಾರ ಮಾಡ್ದೋಳು, ಒಂದು ಸೊಲ್ಲಾದ್ರೂ ಬೇಡ್ವಾ?"

"ಎದೆ ಒಡೆದೋಗಿರ್ಬೇಕು, ಬುಡಿ ಅಕ್ಕಾ," ಎಂದಳು ಪಕ್ಕದ ಮನೆ ಪ್ರೇಮಲೀಲಾ.

"ಎದೆ ಒಡೆದ್ರೆ ಬಾಯಿಗ್ಯಾಕೆ ಬೀಗ? ನೆನ್ನೆವರೆಗೂ ಇವಳ ಬಾಯಿಗೆ ಬೀದಿಯೇ ಹೆದರ್ತಿತ್ತು!"

ಬೋರಮ್ಮನಿಗೆ ಮೈಯೆಲ್ಲ ಉರಿಯಿತು. ಮಾದೇವಮ್ಮನ ಮೇಲಲ್ಲ, ಮಲಗಿದವನ ಮೇಲೆ. ಮೇಲ್ದುಟಿಯೊಳಗೆ ಅವನು ತುರುಕಿದ ಹತ್ತಿ ಇನ್ನೂ ಹಾಗೇ ಇತ್ತು.

*

ಚೆಲುವರಾಜು ದಂತವೈದ್ಯರೊಬ್ಬರ ಹತ್ತಿರ ಹಲ್ಲಿನ ಸೆಟ್ ಮಾಡುತ್ತಿದ್ದ. ಬೀದಿ ನಲ್ಲಿಯ ಹತ್ತಿರ ಜಾರಿ ಬಿದ್ದು ಬೋರಮ್ಮನ ಮುಂದಿನ ಹಲ್ಲು ಅರ್ಧ ಮುರಿದದ್ದೇ ತಡ, ಅವಳ ಬಾಯಿ ಅವನ ವರ್ಕ್‌ಶಾಪಾಯಿತು. ಇವನು ಹೊಸ ಚೂರು ಮಾಡಿ ಅಂಟಿಸುವುದು, ಅದು ಮುದ್ದೆ ಜೊತೆ ಹೊಟ್ಟೆ ಸೇರುವುದು. ಹನ್ನೊಂದು ಸಲ! ಪ್ರತಿ ಸಲವೂ ತಪ್ಪು ಅವಳ ನಾಲಗೆಯದೇ.

ಅವತ್ತು ಬೆಳಿಗ್ಗೆ, ಡಾಕ್ಟರು ಪುಸ್ತಕದಲ್ಲಿ ಓದಿ ಹೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಅವಳೆದುರು ಕೂತ.

"ಹಲ್ಲು ಗಾಜಿನಂಗೆ ನುಣುಪು ಕಣೇ. ಅಂಟು ಎಲ್ಲಿ ಹಿಡ್ಕೋಬೇಕು? ಒಂಚೂರು ಆಸಿಡ್ ಸವರಿ ತೊಳೆದ್ರೆ ಕಣ್ಣಿಗೆ ಕಾಣದಂಥ ಗುಳಿ ಬೀಳ್ತವಂತೆ. ಅಂಟು ಅದರೊಳಗಿಳಿದು ಬೇರು ಬಿಡ್ತದೆ. ಎಂಜಲು ಮಾತ್ರ ಸೋಕಬಾರದು."

"ಮೂವತ್ತು ವರ್ಷದಿಂದ ನಿಮಗೆ ಅಂಟ್ಕೊಂಡಿದ್ದೀನಲ್ಲ, ಅದಕ್ಯಾವ ಆಸಿಡ್ ಸವರಿದ್ರಿ?"

"ಮುಚ್ಚೇ ಬಾಯಿ!" ಆಸಿಡ್ ಸವರಿ ತೊಳೆದು, ಚೂರು ಅಂಟಿಸಿ, ಎಂಜಲು ಸೋಕದಂತೆ ತುಟಿಯೊಳಗೆ ಹತ್ತಿ ತುರುಕಿದ. "ಮಾರ್ಕೆಟ್ಟಿಗೆ ಹೋಗಿ ಬರ್ತೀನಿ. ಅಲ್ಲೀವರೆಗೂ ಉಸಿರೆತ್ತಬೇಡ. ನಾನೇ ಬಂದು ಹತ್ತಿ ತೆಗೀತೀನಿ."

ದೇವರಾಜ ಮಾರ್ಕೆಟ್ಟಿನ ಬಾಳೆಹಣ್ಣಿನ ಸಾಲಿನಲ್ಲಿ ಎದೆ ಹಿಡಿದುಕೊಂಡು ಕುಸಿದನಂತೆ. ಹನ್ನೊಂದು ಗಂಟೆಗೆ ಜಟಕಾದಲ್ಲಿ ಮಲಗಿಸಿಕೊಂಡು ಬಂದರು.

*

"ಬಾಯಿಗೆ ಅಕ್ಕಿ ಹಾಕಮ್ಮ, ಹೊತ್ತಾಯ್ತು," ಎಂದರು ಬೀದಿಯ ಹಿರಿಯರು. ಯಾರೋ ದವಡೆಯ ಬಟ್ಟೆ ಸಡಿಲಿಸಿದರು.

ಬೋರಮ್ಮ ನಾಲ್ಕು ಕಾಳು ಹಾಕಿದಳು. ಆಮೇಲೆ ತನ್ನ ಬಾಯಿಗೆ ಬೆರಳು ಹಾಕಿ, ನೆನೆದ ಹತ್ತಿಯನ್ನು ಎಳೆದು ಎಸೆದಳು. ಮಾದೇವಮ್ಮ ಬೆರಗಾಗಿ ನೋಡುತ್ತಿದ್ದಂತೆ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ಅಲ್ಲಾಡಲಿಲ್ಲ. ಸಿಟ್ಟಿನಿಂದ ಇನ್ನೂ ಜೋರಾಗಿ ಒತ್ತಿದಳು.

"ಹಿಡ್ಕೊಂಡದೆ ಕಣ್ರೀ!" ಬೀದಿಗೆಲ್ಲ ಕೇಳುವಂತೆ ಕಿರುಚಿದಳು. "ಹನ್ನೊಂದು ಸಲ ಬಿದ್ದಿದ್ದು ಈಗ ಹಿಡ್ಕೊಂಡದೆ! ನಾನೇ ಬಂದು ತೆಗೀತೀನಿ ಅಂದ್ರಲ್ಲ, ನೋಡ್ಕೊಂಡಾದ್ರೂ ಹೋಗ್ಬಾರ್ದಾಗಿತ್ತಾ?"

ಚಟ್ಟಕ್ಕೆ ಹೆಗಲು ಕೊಡುವವರು ಬಂದು ನಿಂತರು. ಬೋರಮ್ಮ ಮೇಲ್ದುಟಿಯನ್ನು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಅವನ ಮುಖದ ಮೇಲೆ ಬಗ್ಗಿಯೇ ಇದ್ದಳು.