ಒಂದು ಸ್ವರ ಕೆಳಗೆ

ಮಧ್ಯಾಹ್ನ ಹನ್ನೆರಡೂಕಾಲಕ್ಕೆ ನಮ್ಮ ನೇರಪ್ರಸಾರ. ಅಮೆರಿಕದ ಪಶ್ಚಿಮ ವರ್ಜೀನಿಯಾದ ಕಣಿವೆಗಳಲ್ಲಿ ಗಣಿಯವರೂ ರೈತರೂ ಬೀನ್ಸು, ಮೆಕ್ಕೆಜೋಳದ ರೊಟ್ಟಿಯ ಮುಂದೆ ಕುಳಿತು ರೇಡಿಯೋ ಹಚ್ಚುವ ಹೊತ್ತು ಅದು. ಇಪ್ಪತ್ತೆರಡು ವರ್ಷಗಳಿಂದ ಅವರು ಆಗ ಕೇಳುತ್ತಿದ್ದುದು ನನ್ನ ಅಕ್ಕ ವರ್ಲಾಳ ಯೋಡಲ್, ದನಿ ಒಡೆದು ಹಾಡುವ ಗುಡ್ಡಗಾಡಿನ ಹಾಡಿಕೆ.

ಹನ್ನೊಂದನೆಯ ವಯಸ್ಸಿನಲ್ಲಿ ಎದುರುಗುಡ್ಡದ ಹಸುಗಳನ್ನು ಕೂಗಿ ಕರೆಯುತ್ತಲೇ ಅವಳಿಗೆ ಆ ವಿದ್ಯೆ ಒಲಿದಿತ್ತು. ಎದೆಯಿಂದ ಹೊರಟ ದನಿ ಒಂದು ನಿಶ್ಚಿತ ಸ್ಥಾನದಲ್ಲಿ ಒಡೆದು ನೆತ್ತಿಯ ದನಿಯಾಗಿ ಚಿಮ್ಮಬೇಕು. ಇತರ ಗಾಯಕರು ಮುಚ್ಚಿಡುವ ಬಿರುಕೇ ಅವಳ ಸರ್ವಸ್ವ.

ಚಳಿಗಾಲದಲ್ಲಿ ಅವಳ ಕೊರಳಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಅಂದಿನದೇ ಮೊದಲ ಹಾಡು. ದನಿ ಒಡೆಯದಿದ್ದರೆ ಮುಂದಿನ ವಾರದಿಂದ ಆ ಹೊತ್ತು ಬೇರೊಬ್ಬಳಿಗೆ ಎಂದು ರೇಡಿಯೋ ನಿಲಯದವರು ತಿಳಿಸಿದ್ದರು.

ಅವಳ ಗಿಟಾರನ್ನು ಶ್ರುತಿಗೊಳಿಸುವವನು ಪಿಟೀಲುಗಾರನಾದ ನಾನು. ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಡೀಕನ್ ಆಗಿದ್ದೂ ಅಂದು ವಂಚಿಸಿದೆ. ಏರಬೇಕಾದ ಎತ್ತರ ತಗ್ಗಲೆಂದು, ಅವಳಿಗೆ ತಿಳಿಸದೆ ಗಿಟಾರಿನ ಆರೂ ತಂತಿಗಳನ್ನು ಒಂದು ಸ್ವರ ಇಳಿಸಿದೆ, ಪಿಟೀಲನ್ನೂ ಇಳಿಸಿದೆ.

"ಆರಿನ್, ಯಾಕೋ ನಿಂತಲ್ಲಿ ನಿಲ್ತಿಲ್ಲ? ಹಾಡೋಳು ನಾನು ಕಣೋ."

"ಕಾಫಿ ಜಾಸ್ತಿ ಆಯ್ತು, ಅಕ್ಕ."

"ಡೀಕನ್ ಸಾಹೇಬ್ರು ಸುಳ್ಳು ಹೇಳೋವಾಗ ಮುಖ ಆದ್ರೂ ನೋಡ್ಬೇಕಪ್ಪ."

ಉದ್ಘೋಷಕ ಡೆಲ್ಮಸ್ ಇಣುಕಿದ. "ವರ್ಲಕ್ಕ, ಗಂಟಲು ರೆಡಿನಾ? ಕೈಕೊಟ್ರೆ ಹೇಳು, ರೆಕಾರ್ಡ್ ಹಾಕಿಬಿಡ್ತೀನಿ."

"ಮೊದ್ಲು ನಿನ್ನ ಬಾಯಿಗೊಂದು ರೆಕಾರ್ಡ್ ಹಾಕ್ಕೋ ಹೋಗೋ."

ಕೆಂಪು ದೀಪ ಹೊತ್ತಿತು. ಮೊದಲ ಚರಣ ಸುಗಮವಾಗಿ ಸಾಗಿತು. ಯೋಡಲ್ ಬಂದಾಗ ದನಿ ಏರಿತು, ಒಡೆಯಲಿಲ್ಲ. ಪ್ರಾರ್ಥನಾಗೀತೆಯಂತೆ ನುಣ್ಣಗೆ, ನಿರ್ಜೀವವಾಗಿ ಹರಿದುಹೋಯಿತು. ಅಕ್ಕನ ಮುಖ ಬಿಳಿಚಿಕೊಂಡಿತು. ಗಾಜಿನಾಚೆ ಡೆಲ್ಮಸ್‌ನ ಕೈ ರೆಕಾರ್ಡಿನತ್ತ ಸರಿಯಿತು.

ಆಗ ನನಗೆ ಹೊಳೆಯಿತು. ಒಡೆಯುವ ಸ್ಥಾನವಿದ್ದುದು ಅವಳ ಕೊರಳಿನಲ್ಲಿ; ತಂತಿ ಇಳಿಸಿದರೆ ಅದು ಇಳಿಯದು. ಹಾಡನ್ನು ಇಳಿಸಿದ ನಾನು ಅವಳು ಅದನ್ನು ಮುಟ್ಟದಂತೆ ಮಾಡಿದ್ದೆ. ಪಿಟೀಲಿನ ಸರದಿಯಲ್ಲಿ ಕಮಾನು ಎಳೆಯುತ್ತಲೇ ಅವಳ ಕಿವಿಯ ಬಳಿ ಬಾಗಿದೆ.

"ಅಕ್ಕ, ತಂತಿ ಒಂದು ಸ್ವರ ಇಳಿಸಿದ್ದೀನಿ. ತಪ್ಪಾಯ್ತು."

ಅವಳು ನನ್ನನ್ನು ಒಮ್ಮೆ ನೋಡಿದಳು. ಗಿಟಾರ್ ನಿಲ್ಲಿಸಿ ಮೈಕಿಗೆ ಹೇಳಿದಳು: "ಊಟ ಮಾಡ್ತಿರೋರೆಲ್ಲ ಒಂಚೂರು ತಾಳಿ. ನಮ್ಮ ತಮ್ಮ ನಾನು ಮುದುಕಿ ಆದೆ ಅಂತ ತಂತಿ ಸಡಿಲ ಮಾಡಿದಾನೆ."

ಗಿಟಾರಿನ ತಲೆಗೆ ಸಿಕ್ಕಿಸಿದ್ದ ಕೇಪೋ, ತಂತಿಗಳನ್ನೊತ್ತಿ ಶ್ರುತಿಯೇರಿಸುವ ಆ ಕ್ಲಿಪ್ಪು, ಅವಳ ಕೈಗೆ ಬಂತು. ಗಿಟಾರಿನ ಕತ್ತಿನ ಎರಡನೆಯ ಮೆಟ್ಟಿಲಿಗೆ ಹಾಕಿದ್ದರೆ ಹಳೆಯ ಎತ್ತರ ಮರಳುತ್ತಿತ್ತು. ಅವಳು ಅದಕ್ಕೂ ಮೇಲೆ, ಮೂರನೆಯದಕ್ಕೆ ಹಾಕಿದಳು.

"ಅಕ್ಕ, ಅಷ್ಟು ಮೇಲೆ ಬೇಡ..."

"ನೀನು ಶ್ರುತಿ ಹುಡುಕ್ಕೊಂಡು ಬಾರೋ."

ಅವಳು ಹಾಡಿದಳು. ಇಳಿದ ತಂತಿಗಳ ಮೇಲೆ ಆ ಅಪರಿಚಿತ ಶ್ರುತಿಗಾಗಿ ನನ್ನ ಬೆರಳುಗಳು ತಡಕಾಡಿದವು. ದನಿ ಏರಿತು, ತಡೆಯಿತು. ಹೊಲಿಗೆಯ ಗುರುತಿನ ಕೆಳಗೆ ನರ ಉಬ್ಬಿತು. ನಾನು ದೇವರನ್ನು ನೆನೆಯಲೂ ಮರೆತೆ. ಆಮೇಲೆ ಅದು ಒಡೆಯಿತು, ಒರಟಾಗಿ, ಅಂಚಿನಲ್ಲಿ ಸೀಳಿಕೊಂಡು, ಗುಡ್ಡದಾಚೆಯ ಹಸುವಿಗೂ ಕೇಳುವಂತೆ.

ಡೆಲ್ಮಸ್ ರೆಕಾರ್ಡಿನಿಂದ ಕೈ ತೆಗೆದ. ಹಾಡಿನಲ್ಲಿ ಇನ್ನೂ ಎರಡು ಯೋಡಲ್ ಉಳಿದಿದ್ದವು.